ಹದಿನೇಳನೆಯ ಹೇಳಿಕೆ

ಫೆಬ್ರವರಿ 9

ಪುಟ್ಟಿ,

ಫೋನಿನಲ್ಲಿ ನೀನು ಹೇಳುವುದರಲ್ಲಿ ಅರ್ಧ ನನ್ನ ಕಿವಿಗೆ ಬೀಳುವುದಿಲ್ಲ. ಬಿದ್ದ ಅರ್ಧಕ್ಕೆ ಉತ್ತರ ಕೊಡುವಷ್ಟರಲ್ಲಿ ನಿನ್ನನ್ನು ಯಾರೋ ಎಕ್ಸ್‌ರೇ ಕೋಣೆಗೆ ಕರೆಯುತ್ತಾರೆ. ಅದಕ್ಕೇ ಕಾಗದ. ಕೋರ್ಟಿನಲ್ಲಿ ಕೂತು ಮೂವತ್ತೆಂಟು ವರ್ಷ ಊರವರ ಜಗಳವನ್ನೆಲ್ಲ ಟೈಪ್ ಮಾಡಿದವಳಿಗೆ ಮಗಳಿಗೆ ನಾಲ್ಕು ಸಾಲು ಬರೆಯುವುದೇನು ಕಷ್ಟ.

ಸೈಕಲ್ ರಿಪೇರಿ ಅಂಗಡಿ ಸುಟ್ಟ ಸುದ್ದಿಯನ್ನು ನಿನ್ನ ಅಣ್ಣ ಹೇಳಿರುತ್ತಾನೆ. ಪೂರ್ತಿ ಹೇಳಿದನೋ ಇಲ್ಲವೋ, ನಾನು ಮೊದಲಿನಿಂದ ಹೇಳುತ್ತೇನೆ. ನಮ್ಮ ಮೇಲಿನ ಬೀದಿಯಿಂದ ಕೆಳಗಿನ ಬೀದಿಗೆ ಇಳಿಯುವ ಮೆಟ್ಟಿಲಿದೆಯಲ್ಲ, ಅದರ ತುದಿಗೆ ನಮ್ಮ ಬೀದಿಯ ಕೆಲವರು ಸೇರಿ ಕಬ್ಬಿಣದ ಗೇಟು ಹಾಕಿಸಿ ಬೀಗ ಜಡಿದರು. ಕೆಳಗಿನವರು ಎಲ್ಲಿಂದಲೋ ಬಂದವರಂತೆ, ಅವರಿಂದ ಕಳ್ಳತನ ಹೆಚ್ಚಿದೆಯಂತೆ. ಯಾರ ಮನೆಯಲ್ಲಿ ಏನು ಹೋಯಿತು ಎಂದು ಕೇಳಿದರೆ ಒಬ್ಬರೂ ಹೇಳಲಿಲ್ಲ. ಶಾಲೆ ಇರುವುದು ನಮ್ಮ ಬೀದಿಯಲ್ಲಿ. ಕೆಳಗಿನ ಮಕ್ಕಳು ಲಾರಿ ಓಡಾಡುವ ದೊಡ್ಡ ರಸ್ತೆ ಸುತ್ತಿ ಬರಬೇಕಾಯಿತು. ಒಂದು ಹುಡುಗಿಗೆ ಲಾರಿ ತಗುಲಿ ಕಾಲು ಮುರಿಯಿತು. ಅವತ್ತೇ ಸೈಕಲ್ ರಿಪೇರಿಯವರು ಕಟರ್ ತಂದು ಬೀಗ ಕತ್ತರಿಸಿದರು. ಮೂರು ದಿನ ಬಿಟ್ಟು, ಸಂಜೆ ಏಳರ ಹೊತ್ತಿಗೆ, ಅವರ ಅಂಗಡಿಗೆ ಬೆಂಕಿ ಬಿತ್ತು. ಗಿರಾಕಿಯೊಬ್ಬರ ಸೈಕಲ್ ಎಳೆದುಕೊಳ್ಳಲು ಹೋಗಿ ಎರಡೂ ಕೈ ಮೊಣಕೈವರೆಗೆ ಸುಟ್ಟುಕೊಂಡರು.

ಅವತ್ತಿನಿಂದ ಕೆಳಗಿನವರು ಮಕ್ಕಳನ್ನೇ ಕಳಿಸುತ್ತಿರಲಿಲ್ಲ. ಹೋದ ವಾರ ಗಣಿತದ ಮೇಷ್ಟ್ರು ಮನೆಗೆ ಬಂದರು. ನಿವೃತ್ತರಾದ ಮೇಲೆ ಅವರಿಗೆ ನನ್ನ ಹಾಗೇ ಸುಮ್ಮನೆ ಕೂರಲು ಬರುವುದಿಲ್ಲ. "ಬೆಳಿಗ್ಗೆ ಒಂದು ಗಂಟೆ ಗೇಟಿನ ಹತ್ರ ನಿಂತ್ಕೋಬೇಕು ಅಷ್ಟೇ. ದೊಡ್ಡವರು ನಿಂತಿದ್ರೆ ಮಕ್ಕಳು ಬರ್ತವೆ" ಅಂದರು. ನಾನು, ಮೇಷ್ಟ್ರು, ಔಷಧಿ ಅಂಗಡಿಯಾಕೆ, ಕೆಳಗಿನ ಬೀದಿಯ ಇಬ್ಬರು ತಾಯಂದಿರು. ಮೊದಲ ದಿನ ಬಂದದ್ದು ಮೂರೇ ಮಕ್ಕಳು. ಇವತ್ತು ಹತ್ತೊಂಬತ್ತು.

ನಿನ್ನ ಅಣ್ಣ ಶೂ ಲೇಸಿನಿಂದ ತಲೆ ಎತ್ತದೆ, "ನಿನಗ್ಯಾಕಮ್ಮ ಈ ಉಸಾಬರಿ" ಅಂದ. ಬೆಂಕಿ ಬಿದ್ದ ಮರುದಿನವೇ ನಿನ್ನಲ್ಲಿಗೆ ಬಂದು ನಾಲ್ಕು ದಿನ ಇದ್ದನಲ್ಲ, ಅಲ್ಲಾದರೂ ಸರಿಯಾಗಿ ಊಟ ಮಾಡಿದನೇ? ಇಲ್ಲಿ ತಟ್ಟೆ ಮುಂದೆ ಕೂತು ಎದ್ದು ಹೋಗುತ್ತಾನೆ. ಕರೆಂಟ್ ಆಫೀಸಿನಲ್ಲಿ ಕೆಲಸ ಜಾಸ್ತಿಯಂತೆ.

ಇನ್ನೊಂದು. ಬೆಂಕಿ ಬಿದ್ದದ್ದನ್ನು ಕಂಡವರೆಲ್ಲರ ಹೇಳಿಕೆ ಬರೆದುಕೊಂಡು ವಿಚಾರಣೆಗೆ ಕೊಡಬೇಕು, ಟೈಪ್ ಮಾಡಿಕೊಡುತ್ತೀರಾ ಎಂದು ಮೇಷ್ಟ್ರು ಕೇಳಿದ್ದಾರೆ. ಒಪ್ಪಿದ್ದೇನೆ.

ಇಂತಿ,
ನಿನ್ನ ಅಮ್ಮ


ಫೆಬ್ರವರಿ 16

ಅಮ್ಮಾ,

ನಿನ್ನ ಕಾಗದ ಓದಿ ಎರಡು ದಿನ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಬಲಗಾಲಿನ ಬದಲು ಎಡಗಾಲಿನ ಚಿತ್ರ ತೆಗೆದು ಡಾಕ್ಟರ ಕೈಲಿ ಬೈಸಿಕೊಂಡೆ.

ನಾನು ದಿನವೂ ನೋಡುವುದು ಮುರಿದ ಮೂಳೆಗಳನ್ನೇ. ಕಲ್ಲು ತಗುಲಿದ ತಲೆ ಹೇಗಿರುತ್ತದೆ ಎಂದು ನನಗೆ ಗೊತ್ತು. ನಿನಗೆ ಅರವತ್ತಾರು ವರ್ಷ. ಓಡು ಅಂದರೆ ಓಡಲಾರೆ, ಹಿಂದಿನಿಂದ ಯಾರಾದರೂ ಕೂಗಿದರೆ ಕೇಳಿಸುವುದಿಲ್ಲ.

ನಿನ್ನ ಹಟ ನನಗೆ ಹೊಸದಲ್ಲ. ಆದ್ದರಿಂದ ಪೂರ್ತಿ ಬಿಡು ಅನ್ನುವುದಿಲ್ಲ. ಗೇಟಿನ ಹತ್ತಿರ ನಿಲ್ಲಲೇಬೇಕಾದರೆ ನಿಲ್ಲು, ಮೇಷ್ಟ್ರ ಪಕ್ಕದಲ್ಲೇ ಇರು. ಆದರೆ ಆ ಹೇಳಿಕೆ ಟೈಪ್ ಮಾಡುವುದು ಬೇಡ. ಅದಕ್ಕೆ ಪೊಲೀಸರಿದ್ದಾರೆ. ಯಾರು ಯಾರ ಹೆಸರು ಹೇಳುತ್ತಾರೋ, ನಾಳೆ ಅದೇ ಬೀದಿಯಲ್ಲಿ ನೀನು ಹಾಲು ತರಬೇಕು. ಕಣ್ಣು ನೋಯುತ್ತದೆ ಎಂದು ಹೇಳು. ದಯವಿಟ್ಟು.

ಅಣ್ಣ ಇಲ್ಲಿ ಚೆನ್ನಾಗಿಯೇ ಊಟ ಮಾಡಿದ. ಅವನನ್ನು ಏನೂ ಕೇಳಬೇಡ, ಸುಸ್ತಾಗಿದ್ದಾನೆ.

ನಿನ್ನ,
ಪುಟ್ಟಿ


ಮಾರ್ಚ್ 3

ಪುಟ್ಟಿ,

ಕಲ್ಲು ಬೀಳುವುದಾದರೆ ಗೇಟಿನ ಹತ್ತಿರ ಬೀಳಬೇಕು. ನೀನು ಅಲ್ಲಿ ನಿಲ್ಲು ಅನ್ನುತ್ತೀಯ, ನಾಲ್ಕು ಗೋಡೆಯೊಳಗೆ ಕೂತು ಟೈಪ್ ಮಾಡಬೇಡ ಅನ್ನುತ್ತೀಯ. ಇದು ನನಗೆ ಅರ್ಥವಾಗಲಿಲ್ಲ. ಉತ್ತರ ಬರೆಯಲು ಇಷ್ಟು ದಿನ ಹಿಡಿದದ್ದು ಅದಕ್ಕೇ.

ವಾಚನಾಲಯದ ಹಿಂದಿನ ಕೋಣೆ ಕೊಟ್ಟಿದ್ದಾರೆ. ಒಂದು ಮೇಜು, ಮೂರು ಕುರ್ಚಿ, ಕಟ್ಟು ಕಟ್ಟಿದ ಹಳೇ ಪತ್ರಿಕೆಗಳ ವಾಸನೆ. ಜನ ಬಂದು ಎದುರಿಗೆ ಕೂರುತ್ತಾರೆ. ನಾನು ಒಂದೇ ನಿಯಮ ಮಾಡಿದ್ದೇನೆ: ಕಣ್ಣಾರೆ ಕಂಡದ್ದನ್ನಷ್ಟೇ ಹೇಳಬೇಕು, ಯಾರೋ ಹೇಳಿದ್ದು ಬೇಡ. ಅದರಿಂದಾಗಿ ಬಂದವರಲ್ಲಿ ಅರ್ಧ ಜನ ಎದ್ದು ಹೋದರು. ಒಬ್ಬ ಮುದುಕ ಒಂದು ಗಂಟೆ ಮಾತಾಡಿದ. ಬೆಂಕಿಯ ವಿಷಯ ಒಂದು ಸಾಲು, ಸೊಸೆಯ ವಿಷಯ ಉಳಿದದ್ದು.

ನಿನ್ನೆ ಸೈಕಲ್ ರಿಪೇರಿಯವರ ಹೆಂಡತಿ ಬಂದಿದ್ದಳು. ಒಂಬತ್ತನೆಯ ಹೇಳಿಕೆ. ಅಳಲಿಲ್ಲ, ಗಟ್ಟಿಯಾಗಿ ಮಾತಾಡಿದಳು. "ಮೊದ್ಲು ಬೀದಿ ದೀಪ ಹೋಯ್ತು. ಕರೆಂಟ್ ಹೋಗಿದ್ದಲ್ಲ, ನಮ್ಮನೆ ಒಳಗೆ ದೀಪ ಇತ್ತು, ಮೇಲಿನ ಬೀದೀಲೂ ಇತ್ತು. ನಮ್ಮ ಬೀದಿ ಕಂಬದ್ದು ಮಾತ್ರ ಆರ್ತು. ಆಮೇಲೆ ಬಂದ್ರು. ನಾನು ಕೂಗಿದ ಸ್ವಲ್ಪ ಹೊತ್ತಿಗೆ ದೀಪ ಮತ್ತೆ ಬಂತು. ಬೆಳಕು ಬಿದ್ದ ತಕ್ಷಣ ಓಡಿದ್ರು. ತಾನಾಗೇ ಆರಿ ತಾನಾಗೇ ಹತ್ತೋಕೆ ಅದೇನು ಮಿಂಚುಹುಳಾನಾ ಅಮ್ಮಾವ್ರೇ?"

ಟೈಪ್ ಮಾಡಿದೆ. ಒಂದು ಅಕ್ಷರವೂ ತಪ್ಪಲಿಲ್ಲ. ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಬಾಗಿಲ ಹಿಂದೆ ನೋಡಿದೆ.

ಬೀದಿ ದೀಪದ ಸ್ವಿಚ್ ಪೆಟ್ಟಿಗೆ ಮೆಟ್ಟಿಲಿನ ಪಕ್ಕದಲ್ಲಿದೆ, ನಿನಗೂ ಗೊತ್ತು. ಅದರ ಕೀಲಿ ನಮ್ಮ ಬಡಾವಣೆಯಲ್ಲಿ ಇರುವುದು ಇಬ್ಬರ ಬಳಿ. ಒಂದು ಹಿರಿಯ ಲೈನ್‌ಮನ್ ಹತ್ತಿರ, ಎಲ್ಲರೂ ಕಂಬದ ತಾತ ಅನ್ನುತ್ತಾರಲ್ಲ, ಅವರ ಹತ್ತಿರ. ಇನ್ನೊಂದು ನಮ್ಮ ಮನೆಯ ಬಾಗಿಲ ಹಿಂದೆ ಮೊಳೆಗೆ ತೂಗುತ್ತದೆ.

ನಿನ್ನ ಮನೆಯಲ್ಲಿದ್ದ ನಾಲ್ಕು ದಿನ ಅಣ್ಣ ಏನಾದರೂ ಹೇಳಿದನೇ?

ಅಮ್ಮ


ಮಾರ್ಚ್ 8

ಅಮ್ಮಾ,

ಅವನು ಏನೂ ಹೇಳಲಿಲ್ಲ. ಬಂದ, ಮಲಗಿದ, ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ, ಅವನೂ ಏನೂ ಹೇಳಲಿಲ್ಲ. ಹಳೇ ತಂತಿ, ಹಳೇ ಕಂಬ, ದೀಪ ಆರಲು ನೂರು ಕಾರಣ ಇರುತ್ತದೆ ಎಂದು ನೀನೇ ಹೇಳುತ್ತಿದ್ದೆ. ಇಲ್ಲದ್ದನ್ನೆಲ್ಲ ತಲೆಗೆ ಹಚ್ಚಿಕೊಳ್ಳಬೇಡ. ಅವನು ಏನೂ ಹೇಳಲಿಲ್ಲ.

ಈ ವಾರ ಡ್ಯೂಟಿ ಜಾಸ್ತಿ. ಆಮೇಲೆ ಬರೆಯುತ್ತೇನೆ.

ಪುಟ್ಟಿ


ಮಾರ್ಚ್ 29

ಪುಟ್ಟಿ,

ಆಮೇಲೆ ಬರೆಯುತ್ತೇನೆ ಎಂದೆ, ಬರೆಯಲಿಲ್ಲ. ನಾನೇ ಬರೆಯುತ್ತಿದ್ದೇನೆ.

ಹೇಳಿಕೆಗಳ ಪ್ರತಿ ಕರೆಂಟ್ ಆಫೀಸಿಗೂ ಹೋಯಿತು. ಅವರು ಕೀಲಿಯ ಲೆಕ್ಕ ಕೇಳಿದರು. ನಿನ್ನ ಅಣ್ಣ, ಅವತ್ತು ಸಂಜೆ ತಾನು ಬೇರೆ ಕಡೆ ಡ್ಯೂಟಿಯಲ್ಲಿದ್ದೆ ಎಂದು ಬರೆದುಕೊಟ್ಟನಂತೆ. ಕಂಬದ ತಾತ, ಕೀಲಿ ಮನೆಯಲ್ಲಿತ್ತು, ತಾನೂ ಮನೆಯಲ್ಲೇ ಇದ್ದೆ ಎಂದರಂತೆ. ಮನೆಯಲ್ಲಿದ್ದುದಕ್ಕೆ ಸಾಕ್ಷಿ ಯಾರು ಎಂದರೆ ಹಾಸಿಗೆ ಹಿಡಿದ ಹೆಂಡತಿ. ಶುಕ್ರವಾರ ಅವರನ್ನು ಅಮಾನತು ಮಾಡಿದರು. ಮೇ ಎರಡಕ್ಕೆ ವಿಚಾರಣೆ. ನಿವೃತ್ತಿಗೆ ಇನ್ನು ಏಳು ತಿಂಗಳಿತ್ತು.

ನೋಡಲು ಹೋಗಿದ್ದೆ. ಅವರು ಇರುವುದು ಕೆಳಗಿನ ಬೀದಿಯಲ್ಲೇ. ತಮ್ಮವರ ಅಂಗಡಿ ಸುಡಲು ತಾವೇ ದೀಪ ಆರಿಸಿದರು ಎಂದು ಈಗ ಅಕ್ಕಪಕ್ಕದವರು ಮಾತು ಬಿಟ್ಟಿದ್ದಾರೆ. ಬಾಗಿಲು ತೆಗೆದವರು ನನ್ನನ್ನು ನೋಡಿ, "ನಿಮ್ಮ ಮಗ ಹೇಗಿದಾನಮ್ಮಾ? ಕಂಬ ಹತ್ತೋದು ಕಲಿಸಿದ್ದು ನಾನೇ. ಬೆಲ್ಟ್ ಸರಿಯಾಗಿ ಹಾಕ್ಕೊಳಲ್ಲ, ಸ್ವಲ್ಪ ಹೇಳಿ" ಅಂದರು. ನಾನು ಹೇಳುತ್ತೇನೆ ಅಂದೆ.

ಮನೆಯ ಸುದ್ದಿಯೂ ನೆಟ್ಟಗಿಲ್ಲ. ಬುಧವಾರ ನಮ್ಮ ಮುಂಬಾಗಿಲಿಗೆ ಟಾರು ಬಳಿದಿದ್ದರು. ನನ್ನನ್ನು ಕಂಡರೆ ಎದುರು ಮನೆಯವರು ಕಿಟಕಿ ಮುಚ್ಚುತ್ತಾರೆ. ಅಣ್ಣ ಸೀಮೆಎಣ್ಣೆ ತಂದು ಬಾಗಿಲು ಒರೆಸಿದ. ಬಳಿದವರು ಯಾರೆಂದು ಅವನಿಗೆ ಗೊತ್ತಿದೆ ಎಂದು ಅವನ ಬೆನ್ನು ನೋಡಿದರೇ ತಿಳಿಯುತ್ತಿತ್ತು.

ಹೋದ ಕಾಗದದಲ್ಲಿ ನೀನು "ಏನೂ ಹೇಳಲಿಲ್ಲ" ಎಂದು ನಾಲ್ಕು ಸಲ ಬರೆದಿದ್ದೀಯ. ಕೋರ್ಟಿನಲ್ಲಿ ಇಂಥವರನ್ನು ಬಹಳ ನೋಡಿದ್ದೇನೆ. ನಿಜವಾಗಿ ಏನೂ ಕೇಳಿಸಿಕೊಳ್ಳದವರು ಒಂದು ಸಲ ಹೇಳಿ ಸುಮ್ಮನಾಗುತ್ತಾರೆ.

ಅಮ್ಮ


ಏಪ್ರಿಲ್ 6

ಅಮ್ಮಾ,

ಹೇಳಿದ.

ಬಂದ ದಿನವೇ ಹೇಳಿದ. ನನ್ನ ಅಡುಗೆಮನೆಯಲ್ಲಿ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದ. ನಿಮ್ಮ ಬೀದಿಯ ಮೂವರು ಅವನನ್ನು ಹಿಡಿದುಕೊಂಡರಂತೆ. ಐದೇ ನಿಮಿಷ ದೀಪ ಆರಿಸು, ಅಂಗಡಿಯ ಬೋರ್ಡು ಕಿತ್ತು ಹೆದರಿಸಿ ಬರುತ್ತೇವೆ, ಬೇರೇನೂ ಇಲ್ಲ ಅಂದರಂತೆ. ಆಗುವುದಿಲ್ಲ ಎಂದಿದ್ದಕ್ಕೆ, "ನೀನು ಯಾವ ಬೀದಿಯವನು?" ಎಂದು ಕೇಳಿದರಂತೆ. ಅಷ್ಟಕ್ಕೇ ಒಪ್ಪಿಕೊಂಡ. ಅಣ್ಣ ಚಿಕ್ಕಂದಿನಿಂದಲೂ ಹಾಗೆ, ಯಾರಾದರೂ ತನ್ನನ್ನು ಆಟದಿಂದ ಹೊರಗಿಟ್ಟರೆ ತಡೆದುಕೊಳ್ಳಲಾರ.

ಪೆಟ್ಟಿಗೆಯ ಮುಂದೆ ಗಡಿಯಾರ ನೋಡುತ್ತ ನಿಂತಿದ್ದನಂತೆ. ಆ ಹೆಂಗಸು ಕೂಗಿದ್ದು ಕೇಳಿ ಮೂರನೇ ನಿಮಿಷಕ್ಕೇ ದೀಪ ಹಾಕಿದ. ಅಷ್ಟರಲ್ಲಿ ಬೆಂಕಿ ಮಾಡಿನವರೆಗೆ ಹೋಗಿತ್ತು. "ನಾನು ಏನೂ ಮುಟ್ಟಿಲ್ಲ, ಸ್ವಿಚ್ ಮಾತ್ರ" ಎಂದು ಅದನ್ನೇ ಹೇಳುತ್ತಿದ್ದ. ಕುಡಿಯಲು ಕೊಟ್ಟ ಹಾಲು ಕೈಯಲ್ಲೇ ಆರಿ ಕೆನೆಕಟ್ಟಿತು.

ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟೆ. ನಿನ್ನ ಮೊದಲ ಕಾಗದ ಬಂದಾಗಿನಿಂದ ಅಂಚೆಯವನನ್ನು ಕಂಡರೆ ನನ್ನ ಜೀವ ಹಾರುತ್ತಿತ್ತು. ಜಗತ್ತಿನಲ್ಲಿ ಇಷ್ಟು ಟೈಪಿಸ್ಟರಿರುವಾಗ ಅದು ನಿನ್ನ ಬೆರಳಿಗೇ ಬರಬೇಕೇ?

ಕಂಬದ ತಾತನ ವಿಷಯ ನನಗೆ ಗೊತ್ತಿರಲಿಲ್ಲ. ಅವರು ನನ್ನನ್ನು ಸೈಕಲ್ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟಿದ್ದಾರೆ. ಆದರೂ ಬರೆಯುತ್ತೇನೆ, ನಾಚಿಕೆ ಬಿಟ್ಟು: ಅಣ್ಣನನ್ನು ಉಳಿಸು. ಕೆಲಸ ಹೋಗುತ್ತದೆ, ಜೈಲಾಗುತ್ತದೆ, ಆ ಮೂವರು ಸುಮ್ಮನೆ ಬಿಡುವುದಿಲ್ಲ. ಅಪ್ಪ ಹೋದ ಮೇಲೆ ಮನೆಯಲ್ಲಿ ನಿನ್ನ ಜೊತೆಗಿರುವುದು ಅವನೊಬ್ಬನೇ. ನಾನು ಹೇಳಿದೆ ಎಂದು ಅವನಿಗೆ ತಿಳಿಸಬೇಡ.

ಪುಟ್ಟಿ


ಏಪ್ರಿಲ್ 20

ಪುಟ್ಟಿ,

ಅಣ್ಣ ನಿನ್ನ ಹತ್ತಿರ ಇದ್ದಾನೆಯೇ? ಗುರುವಾರ ಬೆಳಿಗ್ಗೆ ಹೋದವನು ಬಂದಿಲ್ಲ. ಫೋನ್ ಮನೆಯಲ್ಲೇ ಬಿಟ್ಟಿದ್ದಾನೆ. ಫೋನಿನಲ್ಲಿ ನಿನ್ನ ಉತ್ತರ ತಪ್ಪಾಗಿ ಕಿವಿಗೆ ಬಿದ್ದೀತೆಂದು ಭಯ, ಮೊದಲು ಇದಕ್ಕೆ ಉತ್ತರ ಬರೆ.

ಆದದ್ದು ಇಷ್ಟು. ಬುಧವಾರ ಅವನು ಸಮವಸ್ತ್ರಕ್ಕೆ ಇಸ್ತ್ರಿ ಹಾಕುತ್ತಿದ್ದ. ನಿನ್ನ ಹೆಸರು ತೆಗೆಯಲಿಲ್ಲ. "ಕಂಬದ ತಾತ ನಿನಗೆ ಬೆಲ್ಟ್ ಸರಿಯಾಗಿ ಹಾಕ್ಕೊಳ್ಳೋಕೆ ಹೇಳು ಅಂದ್ರು" ಎಂದೆ. ಇಸ್ತ್ರಿಪೆಟ್ಟಿಗೆ ಅಂಗಿಯ ಮೇಲೇ ನಿಂತಿತು. ತೋಳು ಸುಟ್ಟ ವಾಸನೆ ಬರುವವರೆಗೂ ಇಬ್ಬರೂ ಅಲುಗಾಡಲಿಲ್ಲ.

ಆಮೇಲೆ ಅವನೇ ಬಾಯಿಬಿಟ್ಟ. "ನಿಂಗೆ ಗೊತ್ತು ಅಂತ ನಂಗೆ ಗೊತ್ತಿತ್ತಮ್ಮ. ಒಂದು ತಿಂಗಳಿಂದ ಊಟ ಬಡಿಸುವಾಗ ನನ್ನ ಕೈ ನೋಡ್ತಿದ್ದೆ."

"ಹೇಳಿಕೆ ಕೊಡು" ಅಂದೆ.

"ನೀನೇ ಟೈಪ್ ಮಾಡ್ಬಿಡು. ನಾನ್ಯಾಕೆ ಬರ್ಬೇಕು?"

"ನಾನು ಕಂಡಿಲ್ಲವಲ್ಲಪ್ಪ. ಕಂಡವನು ನೀನು."

ಕೋಪ ಬಂತು ಅವನಿಗೆ. "ಮಕ್ಕಳನ್ನ ಗೇಟು ದಾಟಿಸ್ತೀಯ, ಊರಿನವರ ಕಣ್ಣೀರೆಲ್ಲ ಟೈಪ್ ಮಾಡ್ತೀಯ. ನನ್ನನ್ನ ಮಾತ್ರ ಕೈಯಾರೆ ಹಿಡಿದುಕೊಡ್ತೀಯ" ಅಂದ. ಮೇ ಎರಡರೊಳಗೆ ಅವನು ಹೋಗದಿದ್ದರೆ ನಾನೇ ವಿಚಾರಣೆಗೆ ಹೋಗಿ, ಮಗ ನನ್ನೆದುರು ಒಪ್ಪಿಕೊಂಡ ಎಂದು ಹೇಳುತ್ತೇನೆ ಎಂದೆ. ಹೇಳಿ ಅಲ್ಲೇ ಕೂತುಬಿಟ್ಟೆ. ಅವನೇ ಬಂದು ನೀರು ಕೊಟ್ಟ. ಮಾರನೆಯ ದಿನ ನಾನು ಗೇಟಿನಿಂದ ಬರುವಷ್ಟರಲ್ಲಿ ಹೋಗಿದ್ದ.

ಮೇಷ್ಟ್ರಿಗೂ ಹೇಳಿಲ್ಲ. ದಿನಾ ಬೆಳಿಗ್ಗೆ ಗೇಟಿಗೆ ಹೋಗುತ್ತೇನೆ. ಮಕ್ಕಳನ್ನು ಎಣಿಸುವಾಗ ಮರೆತುಹೋಗಿ ಮತ್ತೆ ಮೊದಲಿನಿಂದ ಎಣಿಸುತ್ತೇನೆ. ಕೆರೆಯ ಕಡೆಯಿಂದ ಯಾರಾದರೂ ಜೋರಾಗಿ ಮಾತಾಡುತ್ತ ಬಂದರೆ ಎಣಿಕೆ ಬಿಟ್ಟು ಏನಾಯಿತು ಎಂದು ಕೇಳಲು ಹೋಗುತ್ತೇನೆ.

ಅಲ್ಲಿದ್ದಾನೆ ಎಂದು ಒಂದು ಸಾಲು ಬರೆ.

ಅಮ್ಮ


ಏಪ್ರಿಲ್ 25

ಅಮ್ಮಾ,

ಬದುಕಿದ್ದಾನೆ. ಇಲ್ಲಿದ್ದ. ಈಗ ಎಲ್ಲಿದ್ದಾನೆ ಗೊತ್ತಿಲ್ಲ. ಸೋಮವಾರದಿಂದ ಫೋನ್ ಮಾಡುತ್ತಿದ್ದೇನೆ, ನೀನು ಎತ್ತುತ್ತಿಲ್ಲ.

ಸೋಮವಾರ ಎಕ್ಸ್‌ರೇ ಕೋಣೆಯ ಹೊರಗಿನ ಬೆಂಚಿನಲ್ಲಿ ರೋಗಿಗಳ ನಡುವೆ ಕೂತಿದ್ದ. ನಾಲ್ಕು ದಿನ ಎಲ್ಲಿದ್ದೆ ಎಂದರೆ ಹೇಳಲಿಲ್ಲ. ಗಡ್ಡ ಬೆಳೆದಿತ್ತು. ಚೀಟಿ ಇದೆಯೇ ಎಂದು ಆಯಾ ಕೇಳಿದ್ದಕ್ಕೆ, ನನ್ನ ತಂಗಿ ಒಳಗಿದ್ದಾಳೆ ಅಂದನಂತೆ.

ನಾನೇ ಅಮ್ಮನಿಗೆ ಬರೆದೆ ಎಂದು ಹೇಳಿಬಿಟ್ಟೆ. ಬೈಯುತ್ತಾನೆ ಅಂದುಕೊಂಡೆ. "ಒಳ್ಳೇದಾಯ್ತು, ನಂಗೆ ಒಬ್ಬನಿಗೇ ಹೊರೋಕೆ ಆಗ್ತಿರ್ಲಿಲ್ಲ" ಅಂದ. ಎಷ್ಟು ವರ್ಷ ಹಾಕ್ತಾರೆ ಎಂದು ಕೇಳಿದ. ನಮ್ಮ ಆಸ್ಪತ್ರೆಯ ವಕೀಲರನ್ನು ಕೇಳಿದೆ. ತಾನಾಗಿ ಹೋಗಿ ಒಪ್ಪಿಕೊಂಡರೆ ಕಡಿಮೆಯಾಗಬಹುದು, ಖಚಿತವಾಗಿ ಹೇಳಲಾಗದು ಅಂದರು. ಅದನ್ನೇ ಅವನಿಗೆ ಹೇಳಿದೆ. ಹೋಗು ಎಂದೂ ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಎರಡೂ ಬಾಯಿಯವರೆಗೆ ಬಂದವು.

ಇವತ್ತು ಬೆಳಿಗ್ಗೆ ಎದ್ದು ನೋಡಿದರೆ ಹಾಸಿಗೆ ಮಡಿಸಿಟ್ಟಿತ್ತು. ಬಚ್ಚಲಿನಲ್ಲಿ ಗಡ್ಡ ಕೆರೆದ ಕೂದಲಿತ್ತು. ಗಡ್ಡ ಕೆರೆದುಕೊಂಡು ಹೋದವನು ಜೀವಕ್ಕೆ ಏನೂ ಮಾಡಿಕೊಳ್ಳುವುದಿಲ್ಲ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಅಲ್ಲಿಗೆ ಬಂದ ತಕ್ಷಣ ತಿಳಿಸು. ಬರದಿದ್ದರೂ ತಿಳಿಸು.

ಪುಟ್ಟಿ


ಏಪ್ರಿಲ್ 28

ಪುಟ್ಟಿ,

ಬಂದ ಎಂದು ಫೋನಿನಲ್ಲಿ ಹೇಳಿದೆ. ಉಳಿದದ್ದನ್ನು ಫೋನಿನಲ್ಲಿ ಹೇಳಲಾಗಲಿಲ್ಲ.

ಮನೆಗೆ ಬರಲಿಲ್ಲ ಅವನು. ನಿನ್ನಲ್ಲಿಂದ ನೇರ ವಾಚನಾಲಯಕ್ಕೆ ಬಂದ. ಮಧ್ಯಾಹ್ನ ಮೂರು ಗಂಟೆ. ಒಳಗೆ ನಾನು, ಮೇಷ್ಟ್ರು, ಮತ್ತೆ ಸೈಕಲ್ ರಿಪೇರಿಯವರ ಹೆಂಡತಿ ಇದ್ದೆವು. ಆಕೆ ತನ್ನ ಹೇಳಿಕೆಯ ಪ್ರತಿ ತೆಗೆದುಕೊಂಡು ಹೋಗಲು ಬಂದಿದ್ದಳು. ಅವಳನ್ನು ಕಂಡು ಅಣ್ಣ ಬಾಗಿಲಲ್ಲೇ ನಿಂತ. ತಿರುಗಿ ಹೋಗುತ್ತಾನೆ ಅಂದುಕೊಂಡೆ. ಹೋಗಲಿ ಎಂದು ಒಂದು ಗಳಿಗೆ ಆಸೆಪಟ್ಟೆ. ಇದನ್ನು ನಿನಗಲ್ಲದೆ ಯಾರಿಗೂ ಹೇಳುವುದಿಲ್ಲ.

ಬಂದು ಎದುರಿನ ಕುರ್ಚಿಯಲ್ಲಿ ಕೂತ. ನಾನು ಹಾಳೆ ಏರಿಸಿದೆ. ಎಲ್ಲರನ್ನೂ ಕೇಳುವ ಹಾಗೆ ಹೆಸರು ಕೇಳಿದೆ. ಹೇಳಿದ. ತಾಯಿಯ ಹೆಸರು ಕೇಳಿದೆ. ಅದನ್ನೂ ಹೇಳಿದ. ವೃತ್ತಿ, ವಿಳಾಸ. ಮೇಷ್ಟ್ರು, "ನಾನು ಬರ್ಕೊಳ್ತೀನಿ, ನೀವು ಹೊರಗೆ ಕೂತಿರಿ" ಅಂದರು. "ಇಲ್ಲ ಮೇಷ್ಟ್ರೇ, ನಿಮ್ಮ ಅಕ್ಷರ ಯಾರಿಗೂ ಓದೋಕೆ ಬರಲ್ಲ" ಅಂದೆ.

ಅವನು ನಿಧಾನಕ್ಕೆ ಹೇಳಿದ. ಆ ಮೂವರ ಹೆಸರು ಹೇಳಿದ. ಕೀಲಿ ತೆಗೆದುಕೊಂಡದ್ದು, ಪೆಟ್ಟಿಗೆ ತೆಗೆದದ್ದು, ಎಲ್ಲ ಹೇಳಿದ. ಕಂಬದ ತಾತನಿಗೆ ಏನೂ ಗೊತ್ತಿಲ್ಲ ಎಂದು ಎರಡು ಸಲ ಹೇಳಿದ. ನಾನು ಎರಡು ಸಲವೂ ಟೈಪ್ ಮಾಡಿದೆ. "ಕೂಗು ಕೇಳಿ ದೀಪ ಹಾಕಿದೆ" ಎಂದು ಹೇಳಿ, "ಬೆಂಕಿ ಕಾಣಿಸ್ತು. ನಾನು ಹೋಗ್ಲಿಲ್ಲ. ಓಡ್ಹೋದೆ. ಅದನ್ನೂ ಬರ್ಕೋ" ಅಂದ. ಬರೆದುಕೊಂಡೆ.

ಮುಗಿದ ಮೇಲೆ ಓದಿ ಹೇಳಬೇಕು. "ಬೇಡಮ್ಮ, ನಾನೇ ಹೇಳಿದ್ದಲ್ವಾ" ಅಂದ. ಬೇರೆಯವರಿಗೆಲ್ಲ ಓದಿ, ಇವನೊಬ್ಬನಿಗೆ ಬಿಡುವುದೆಂದರೆ ಹೇಗೆ? ಮೊದಲ ಸಾಲಿನಿಂದ ಕೊನೆಯವರೆಗೆ ಓದಿದೆ. ಹದಿನೇಳನೆಯ ಹೇಳಿಕೆ ಎಂದು ಮೇಲೆ ಸಂಖ್ಯೆ ಹಾಕುವಾಗ ಮಾತ್ರ ಕೈ ತಪ್ಪಿತು. ಹೊಡೆದು ಮತ್ತೆ ಹಾಕಿದೆ. ಅವನು ಸಹಿ ಮಾಡಿದ.

ಕೆಳಗೆ ಸಾಕ್ಷಿಗಳ ಸಹಿ ಎರಡು ಬೇಕು. ನಾನು ತಾಯಿ, ಹಾಕುವಂತಿಲ್ಲ. ಮೇಷ್ಟ್ರು ಒಂದು ಹಾಕಿದರು. ಇನ್ನೊಂದಕ್ಕೆ ಔಷಧಿ ಅಂಗಡಿಯಾಕೆಯನ್ನು ಕರೆಸೋಣ ಎಂದು ಅವರು ಎದ್ದರು.

ಅಷ್ಟು ಹೊತ್ತೂ ಗೋಡೆಯ ಪಕ್ಕ ನಿಂತಿದ್ದ ಆಕೆ ಮೇಜಿನ ಹತ್ತಿರ ಬಂದಳು. ಅಣ್ಣ ಎದ್ದು ನಿಂತ. ಹೊಡೆಯುತ್ತಾಳೆ ಎಂದೇ ನಾನು ತಿಳಿದೆ. ಹೊಡೆದರೆ ಹೊಡೆಸಿಕೊಳ್ಳಲಿ ಎಂದು ಕೂತೇ ಇದ್ದೆ.

"ಪೆನ್ನು ಕೊಡಿ" ಅಂದಳು.

ಕೊಟ್ಟೆ. ಅವಳು ಅಣ್ಣನ ಕಡೆ ನೋಡಲಿಲ್ಲ, ನನ್ನ ಕಡೆ ನೋಡಿದಳು. "ಕ್ಷಮಿಸಿದೀನಿ ಅಂತ ತಿಳ್ಕೋಬೇಡಿ ಅಮ್ಮಾವ್ರೇ. ನಮ್ಮನೆಯವ್ರಿಗೆ ಇನ್ನೂ ನಾನೇ ಊಟ ತಿನ್ನಿಸ್ತಿದೀನಿ. ಇವ್ನು ಹೇಳಿದ್ದು ನಾನು ಕೇಳಿದೆ, ಅಷ್ಟಕ್ಕೆ ಸಹಿ" ಅಂದಳು. ಒಂದೊಂದೇ ಅಕ್ಷರ ಒತ್ತಿ ಒತ್ತಿ ಬರೆದು, ಶಾಯಿ ಒಣಗಲೆಂದು ಹಾಳೆಯನ್ನು ಎತ್ತಿ ಊದಿದಳು.

ನಿನ್ನ,
ಅಮ್ಮ